ಹಿತ್ತಲ ಕಂಬಿ

ಸೂರ್ಯನಿಂದ ಬೀಸುವ ವಿದ್ಯುತ್ಕಣಗಳ ಗಾಳಿ ನೆಲಕ್ಕೇ ಇಳಿಯತೊಡಗಿದ ಮೇಲೆ, ಬಯಲಲ್ಲಿ ನಾಲ್ಕು ಹೆಜ್ಜೆ ನಡೆದವರ ಮೈಯೆಲ್ಲ ವಿದ್ಯುತ್ತು. ಹಾಗಾಗಿ ಮನೆಗೆ ಬಂದವರ ಕಾಲಿಗೆ ನೀರು ಕೊಡುವಂತೆ ಕೈಗೆ ಕಂಬಿ ತೋರಿಸುವುದು ಊರ ರೂಢಿಯಾಯಿತು. ಹೊಸ್ತಿಲ ಬಳಿ ನೆಟ್ಟ ತಾಮ್ರದ ಕಂಬಿಯನ್ನು ಹಿಡಿದು, ಮೈಯಲ್ಲಿದ್ದದ್ದನ್ನು ನೆಲಕ್ಕೆ ಬಿಟ್ಟೇ ಒಳಗೆ ಹೋಗಬೇಕು. ಇಲ್ಲದಿದ್ದರೆ ಮುಟ್ಟಿಸಿಕೊಂಡವರಿಗೆ ಕಿಡಿ ಹೊಡೆಯುತ್ತದೆ.

ಹೆರಿಗೆ ಮಾಡಿಸಲು ಬಂದ ನರ್ಸ್ ಹುಲಿಗೆಮ್ಮ ಗೌಡರ ಮನೆಯ ಕಂಬಿಗೆ ಕೈ ಚಾಚಿದಾಗ ಗೌಡರ ಹೆಂಡತಿ ನೀಲಗಂಗವ್ವ ಅಡ್ಡ ಬಂದಳು.

"ಏ, ಅದನ್ನ ಮುಟ್ಟಬ್ಯಾಡ! ನಿಮ್ಮ ಮಂದೀದು ಹಿತ್ತಲದಾಗ ಐತಿ."

ಒಳಗೆ ಸೊಸೆ ನೋವು ತಾಳಲಾರದೆ ಚೀರುತ್ತಿದ್ದಳು. ಹುಲಿಗೆಮ್ಮ ಹಲ್ಲು ಕಚ್ಚಿಕೊಂಡು ಹಿತ್ತಲಿಗೆ ಹೋದಳು. ಅಲ್ಲಿದ್ದದ್ದು ಒಣಮಣ್ಣಿನಲ್ಲಿ ನೆಟ್ಟ ತುಕ್ಕು ಕಬ್ಬಿಣ. ಎಷ್ಟು ಹಿಡಿದರೂ ವಿದ್ಯುತ್ತು ಇಳಿಯಲಿಲ್ಲ, ತೋಳಿನ ಕೂದಲು ನಿಮಿರಿಯೇ ಇತ್ತು. ಈ ಕೈಯಲ್ಲಿ ಎಳೆಗೂಸನ್ನು ಹಿಡಿದರೆ ಅದರ ಎದೆಬಡಿತವೇ ನಿಂತೀತು. ಅವಳ ಸಿಟ್ಟು ನೆತ್ತಿಗೇರಿತು. ದುಡುದುಡು ಮುಂಬಾಗಿಲಿಗೆ ಬಂದಳು.

"ಅತ್ತಾಗ ಸರೀರಿ! ಇಲ್ಲಾಂದ್ರ ನಿಮ್ಮನ್ನ ಮುಟ್ಟತೀನಿ!"

ನೀಲಗಂಗವ್ವ ಗೋಡೆಗೆ ಅಂಟಿಕೊಂಡಳು. ಹುಲಿಗೆಮ್ಮ ತಾಮ್ರದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಳಗೆ ನಡೆದಳು.

ಗಂಡುಕೂಸು ಹುಟ್ಟಿ, ಗಟ್ಟಿಯಾಗಿ ಅತ್ತಿತು. ಅವಳು ಹೊರಬಂದಾಗ ನೀಲಗಂಗವ್ವ ಕೊಡಗಟ್ಟಲೆ ನೀರು ಸುರಿದು ಕಂಬಿ ತೊಳೆಯುತ್ತಿದ್ದಳು.

"ತೊಳೀರಿ ಅವ್ವಾರ, ತಿಕ್ಕಿ ತೊಳೀರಿ. ನಿಮ್ಮ ಮೊಮ್ಮಗನ್ನ ಎಲ್ಲಾರಿಗಿಂತ ಮೊದ್ಲ ಹಿಡದದ್ದು ಈ ಕೈ. ನಾಳೆ ಅವ ಯಾವ ಕಂಬಿ ಹಿಡೀಬೇಕು? ಮುಂದಿಂದೊ, ಹಿತ್ತಲದ್ದೊ?"