ಊದದ ಮೇಣದಬತ್ತಿ

ಹುಟ್ಟುಹಬ್ಬದ ಮೇಣದಬತ್ತಿ ಊದಲು ಸೊಸೆ ಕೆನ್ನೆ ಉಬ್ಬಿಸಿದ್ದಳಷ್ಟೇ, ಗಂಡ ಅಂಗೈ ಅಡ್ಡ ಹಿಡಿದ. ಜರತುಷ್ಟ್ರನನ್ನು ನಂಬುವ ಆ ಪಾರ್ಸಿ ಮನೆಯಲ್ಲಿ ಬೆಂಕಿಯೆಂದರೆ ದೇವರ ಬೆಳಕು. ಅದಕ್ಕೆ ಎಂಜಲುಸಿರು ತಾಗಬಾರದು. ಬೇರೆ ಮತದಿಂದ ಬಂದ ಹುಡುಗಿ, ಮರೆತೇಬಿಟ್ಟಿದ್ದಳು. ಅತ್ತೆಯ ಮುಖ ನೋಡಲು ಧೈರ್ಯ ಬರಲಿಲ್ಲ. ಮದುವೆಯಾದಾಗಿನಿಂದ ಅವರು ಅವಳನ್ನು ಪ್ರಾರ್ಥನೆಯ ಕೋಣೆಗೆ ಒಮ್ಮೆಯೂ ಕರೆದಿರಲಿಲ್ಲ.

"ಹೆಬ್ಬೆರಳು ದಪ್ಪದ ಬತ್ತಿ ತಂದಿದ್ದೀಯಲ್ಲೇ ಮಹರಾಯ್ತಿ," ಎಂದರು ಮಾವ. "ಇದು ತಾನಾಗಿ ಆರೋ ಹೊತ್ತಿಗೆ ನಿನ್ನ ಮುಂದಿನ ಹುಟ್ಟುಹಬ್ಬ ಬಂದಿರುತ್ತೆ. ನನಗೋ ಹೊಟ್ಟೆ ತಾಳ ಹಾಕ್ತಿದೆ."

ಅತ್ತೆ ಎದ್ದರು. ಉರಿಯುತ್ತಿದ್ದ ಬತ್ತಿಯನ್ನು ಕೇಕಿನಿಂದ ಮೆಲ್ಲಗೆ ಕಿತ್ತು, ಬುಡಕ್ಕಂಟಿದ್ದ ಕ್ರೀಮನ್ನು ಒರೆಸಿ, ಸೊಸೆಯ ಕೈಗಿಟ್ಟರು. "ನಡಿ, ನನ್ನ ದೀಪದ ಪಕ್ಕ ಇಡೋಣ. ಎಷ್ಟು ಹೊತ್ತಾದರೂ ಉರಿದುಕೊಳ್ಳಲಿ."

ಪ್ರಾರ್ಥನೆಯ ಕೋಣೆಯ ಹೊಸ್ತಿಲಲ್ಲಿ ಸೊಸೆ ನಿಂತುಬಿಟ್ಟಳು.

"ಅಲ್ಲೇ ಯಾಕೆ ನಿಂತೆ? ಒಳಗೆ ಬಾರೇ, ಬೇಗ. ಇಲ್ಲಾಂದ್ರೆ ನಿಮ್ಮ ಮಾವ ಕೇಕ್ ಮುಗಿಸಿಬಿಡ್ತಾರೆ."