ಮನೆ ನೋಡಲು ಬಂದವರು

ಬಂದವರ ಚಪ್ಪಲಿಗಳನ್ನು ಸೊಸೆ ಜಗಲಿಯ ಕೆಳಗೆ ಜೋಡಿಸಿಟ್ಟಳು. ಹೆಣ್ಣಿನ ಕಡೆಯವರು ಮದುವೆಗೆ ಮುಂಚೆ ಗಂಡಿನ ಮನೆ ನೋಡಲು ಬಂದಿದ್ದರು.

"ನೀನೂ ಬಾರಮ್ಮ, ಕಾಫಿ ಕುಡಿ," ಎಂದು ಹೆಣ್ಣಿನ ತಾಯಿ ಕರೆದಳು.

"ಅವಳ ಲೋಟ ಬೇರೆ ಇದೆ," ಅತ್ತೆ ದನಿ ತಗ್ಗಿಸಿದಳು. "ನಮ್ಮ ದೊಡ್ಡ ಸೊಸೆ. ಎಚ್‌ಐವಿ ಅಂಟಿಸಿಕೊಂಡಿದ್ದಾಳೆ. ದೊಡ್ಡ ಮಗ ಬಿಟ್ಟು ಹೋದ. ಪಾಪ ಅಂತ ನಾನೇ ಅನ್ನ ಹಾಕ್ತಿದ್ದೀನಿ."

ಹೆಣ್ಣಿನ ತಾಯಿ ಸೆರಗು ಎಳೆದುಕೊಂಡು ಗೋಡೆಯ ಕಡೆ ಸರಿದಳು. ಆಮೇಲೆ ಮದುಮಗನನ್ನು ನೋಡಿದಳು.

"ಹುಡುಗ ಯಾಕೆ ಇಷ್ಟೊಂದು ಸೊರಗಿದ್ದಾನೆ?"

"ಜ್ವರ, ಭೇದಿ ಬಂದು ಬಂದು ಹೋಗ್ತಿತ್ತು. ಬಾಯಿಹುಣ್ಣು ಬೇರೆ. ಹೆಂಡ್ತಿ ಕೈಯೂಟ ಬಿದ್ರೆ ಮೈ ತುಂಬ್ಕೊಳ್ತಾನೆ ಬಿಡಿ."

ಇಷ್ಟು ದಿನ ಬೇರೆ ಲೋಟದಲ್ಲಿ ಕುಡಿದದ್ದು ಈ ಹೊತ್ತಿಗಾಗಿಯೇ ಎಂಬಂತೆ ಸೊಸೆ ಹೊಸ್ತಿಲಿಗೆ ಬಂದು ನಿಂತಳು.

"ಹೆದರಬೇಡಿ ಅಮ್ಮ, ಲೋಟದಿಂದ ಅದು ಅಂಟಲ್ಲ. ಜೊತೆಯಲ್ಲಿ ಮಲಗಿದ್ರೆ ಅಂಟುತ್ತೆ, ರಕ್ತದಿಂದ ಅಂಟುತ್ತೆ ಅಂತ ನರ್ಸಮ್ಮ ಹೇಳಿದ್ದಾರೆ. ನನ್ನ ರಕ್ತ ಮತ್ತೆ ಮತ್ತೆ ಪರೀಕ್ಷೆ ಮಾಡಿದ್ರು. ನನಗಿಲ್ಲ."

"ಒಳಗೆ ಹೋಗೇ ನೀನು!" ಅತ್ತೆ ಎದ್ದು ನಿಂತಳು.

"ಇರಿ, ಹೇಳಲಿ," ಎಂದಳು ಹೆಣ್ಣಿನ ತಾಯಿ. "ನಿನಗಿಲ್ಲ ಅಂದ್ರೆ ಮತ್ತೆ ಯಾರಿಗಿದೆ? ಬಿಟ್ಟು ಹೋದ ಆ ನಿನ್ನ ಗಂಡನಿಗಾ?"

ಮದುಮಗ ತಲೆ ಎತ್ತಲಿಲ್ಲ. ಸೊಸೆ ಅತ್ತೆಯ ಮುಖವನ್ನೇ ನೋಡುತ್ತಾ ನಿಧಾನವಾಗಿ ಹೇಳಿದಳು:

"ಈ ಮನೆಗೆ ಇರೋದು ಒಬ್ಬನೇ ಮಗ ಅಮ್ಮ. ನನಗೆ ತಾಳಿ ಕಟ್ಟಿದ್ದೂ ಇಲ್ಲಿ ತಲೆ ತಗ್ಗಿಸಿ ಕೂತಿರೋ ಇವರೇ. ಮಗಳನ್ನ ಕೊಡೋ ಮೊದಲು ಇವರ ರಕ್ತ ಒಂದು ಸಲ ಪರೀಕ್ಷೆ ಮಾಡಿಸಿ."