ಬೀಜಗಣಿತದ ಪರೀಕ್ಷೆಯಲ್ಲಿ ಒಬ್ಬ ಕಳ್ಳ

ಕೊನೆಯ ಬೆಂಚಿನ ಬಕ್ಕತಲೆಯವನು ಮತ್ತೆ ಗಾಳಿಯಲ್ಲಿ ಬೆರಳಾಡಿಸಿದ. ಬೆರಳು ಕೆಳಗಿಳಿಯಿತು, ತಿರುಗಿತು, ಮೇಲಕ್ಕೆ ಹೋಯಿತು. ಮೇಲ್ವಿಚಾರಕಿ ನಡೆಯುತ್ತಿದ್ದಲ್ಲೇ ನಿಂತರು. ಸನ್ನೆ! ತಟ್ಟನೆ ಕಿಟಕಿಯಾಚೆ ನೋಡಿದರು. ಅಲ್ಲಿ ಒಂದು ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಅವರಿಗೆ ಗೋಡೆಯ ಮೇಲೂ ಅನುಮಾನ ಬಂತು.

ಪಾಪ, ಅವರ ಸಂಕಟ ಅವರಿಗೆ. ಬೇರೆ ಕಾಲೇಜಿನಲ್ಲಿ ಇತಿಹಾಸ ಕಲಿಸುವವರು. ವರ್ಷಾನುಗಟ್ಟಲೆ ಪರೀಕ್ಷಾ ಕೊಠಡಿಗಳಲ್ಲಿ ಚಪ್ಪಲಿ ಸವೆಸಿದರೂ ಇಂದಿನವರೆಗೆ ಒಂದು ಚೀಟಿಯನ್ನೂ ಹಿಡಿದವರಲ್ಲ. ಸ್ಟಾಫ್ ರೂಮಿನಲ್ಲಿ ಉಳಿದವರು ತಮ್ಮ ಬೇಟೆಯ ಕಥೆ ಬಿಚ್ಚಿದರೆ ಇವರು ಟೀ ಲೋಟದ ತಳ ನೋಡುತ್ತಾ ಕೂರಬೇಕು. ಇವತ್ತು ಮಾತ್ರ ದೇವರು ಕಣ್ಣುಬಿಟ್ಟ ಹಾಗಿತ್ತು.

ವಿಷಯ ಕಲನಪೂರ್ವ ಬೀಜಗಣಿತ. ಕಲನಶಾಸ್ತ್ರ, ಅಂದರೆ ಕ್ಯಾಲ್ಕುಲಸ್ ಎಂಬ ದೊಡ್ಡ ಕೆರೆಗೆ ತಳ್ಳುವ ಮುಂಚೆ ಮುಳುಗಿಸಿ ನೋಡುವ ಚಿಕ್ಕ ಹೊಂಡ. ಡಿಗ್ರಿ ಬೇಕಾದವರು ಇದನ್ನು ದಾಟಲೇಬೇಕು. ಪ್ರಶ್ನೆಪತ್ರಿಕೆಯ ತಲೆಬುಡ ಮೇಲ್ವಿಚಾರಕಿಗೆ ತಿಳಿಯಲಿಲ್ಲ. ಹಾಗಾಗಿ ಮುಖಗಳನ್ನೇ ಓದುತ್ತಾ ಅಡ್ಡಾಡಿದರು.

ಉಳಿದ ಮುಖಗಳೇನು, ನೋಡಲು ಎರಡು ಕಣ್ಣು ಸಾಲದು! ಬಾಗಿಲು ತೆರೆಯುವವರೆಗೆ ಕಾರಿಡಾರಿನಲ್ಲಿ ತಮ್ಮ ಪಾಡಿಗೆ ತಾವು ನಿಂತಿದ್ದರು. ಹರಟೆಯಿಲ್ಲ, ಗುಂಪುಗಾರಿಕೆಯಿಲ್ಲ. ಒಬ್ಬಾಕೆ ಬಲು ವಿನಯದಿಂದ ಶೌಚಾಲಯ ಎಲ್ಲಿದೆಯೆಂದು ಕೇಳಿದ್ದಳು. ಮೇಲ್ವಿಚಾರಕಿಗೂ ಗೊತ್ತಿರಲಿಲ್ಲ, ಇಬ್ಬರೂ ಸೇರಿ ಹುಡುಕಿದ್ದರು. ಈಗ ಎಲ್ಲರೂ ತಲೆಯೆತ್ತದೆ ಬರೆಯುತ್ತಿದ್ದಾರೆ. ಬಹುಪದೋಕ್ತಿಯೋ ಲಾಗರಿದಮ್ಮೋ, ಯಾವುದಕ್ಕೂ ಪೆನ್ನು ನಿಲ್ಲುತ್ತಿಲ್ಲ. ಓದಿದವರ ಲಕ್ಷಣವೇ ಬೇರೆ ಎಂದುಕೊಂಡರು.

ಈ ಮಹಾಶಯನೋ, ತಡವಾಗಿ ಓಡಿಬಂದು ದೊಪ್ಪೆಂದು ಕೂತವನು. ಬರೆಯುತ್ತಾನೆ, ಹೊಡೆದುಹಾಕುತ್ತಾನೆ, ಬೆವರೊರೆಸಿಕೊಳ್ಳುತ್ತಾನೆ. ಅವನ ಹಾಲ್ ಟಿಕೆಟ್ ಎತ್ತಿಕೊಂಡರು. ಫೋಟೋದಲ್ಲಿ ತಲೆತುಂಬ ಗುಂಗುರು ಕೂದಲು.

"ಇದು ಯಾರ್ರೀ?"

"ನಾನೇ ಮೇಡಂ. ಸೇರಿದಾಗ ತೆಗೆಸಿದ್ದು. ಈ ಸಬ್ಜೆಕ್ಟ್ ಶುರುವಾದ್ಮೇಲೆ ಕೂದ್ಲು ಹೋಯ್ತು."

"ತಮಾಷೆ ಬೇಡ. ಬೆರಳಲ್ಲಿ ಯಾರಿಗೆ ಸನ್ನೆ ಮಾಡ್ತಿದ್ರಿ?"

"ಸನ್ನೆಯಲ್ಲ, ಗ್ರಾಫು. ವರ್ಗ ಸಮೀಕರಣದ್ದು. ಮೇಷ್ಟ್ರು ಮೊದ್ಲು ಗಾಳೀಲಿ ಬರ್ದು ನೋಡಿ ಅಂತಿದ್ರು."

ಸುಳ್ಳು ಹೇಳಿದರೂ ನಂಬುವ ಹಾಗಿರಬೇಡವೇ! ಮೇಲ್ವಿಚಾರಕಿ ಕೊಠಡಿಯತ್ತ ತಿರುಗಿದರು. "ಎಲ್ಲಾ ಇಲ್ನೋಡಿ. ಇವರು ನಿಮ್ಮ ಕ್ಲಾಸಿನವರಾ?"

ಎಲ್ಲರೂ ತಿರುಗಿ ನೋಡಿದರು. ಒಬ್ಬೊಬ್ಬರಾಗಿ ತಲೆಯಾಡಿಸಿದರು. ಇಲ್ಲ. ನೋಡಿಯೇ ಇಲ್ಲ.

"ಹೋಗ್ಲಿ, ನಿಮಗೆ ಇವರಲ್ಲಿ ಯಾರಾದ್ರೂ ಗೊತ್ತಾ?"

ಅಲ್ಲಿಯವರೆಗೆ ಬರೀ ಬೆನ್ನುಗಳನ್ನು ಕಂಡಿದ್ದವನು ಈಗ ಮುಖಗಳನ್ನು ನೋಡಿದ. ಬಾಯಿ ಅರ್ಧ ತೆರೆಯಿತು. "ಇಲ್ಲ ಮೇಡಂ, ಆದ್ರೆ..."

"ಆದ್ರೆ ಗೀದ್ರೆ ಏನಿಲ್ಲ! ಬೇರೆಯವರ ಪರೀಕ್ಷೆ ಬರೆಯೋಕೆ ಬಂದ್ರೆ ಏನಾಗತ್ತೆ ಗೊತ್ತಾ? ಪೊಲೀಸ್ ಕೇಸು."

ಅವನು ಕುಸಿದು ಕೂತ. "ದಮ್ಮಯ್ಯ ಅಂತೀನಿ ಮೇಡಂ. ನಾನು ಕರೆಂಟ್ ಮೀಟರ್ ಓದೋನು. ಮಂಡಿ ಹೋಗಿದೆ, ಮೆಟ್ಲು ಹತ್ತೋಕಾಗಲ್ಲ. ಡಿಗ್ರಿ ಆದ್ರೆ ಆಫೀಸಲ್ಲಿ ಕೂರೋ ಕೆಲ್ಸ ಕೊಡ್ತಾರೆ. ಇದೊಂದೇ ಪೇಪರ್ ಬಾಕಿ, ಇದೇ ಕೊನೇ ಚಾನ್ಸು."

ಒಂದು ಕ್ಷಣ ಮೇಲ್ವಿಚಾರಕಿಯ ಕರುಳು ಚುರುಕ್ ಎಂದಿತು. ಮರುಕ್ಷಣವೇ ಸ್ಟಾಫ್ ರೂಮು ನೆನಪಾಯಿತು. ಪ್ರಿನ್ಸಿಪಾಲರಿಗೆ ಕರೆ ಹೋಯಿತು.

ಪ್ರಿನ್ಸಿಪಾಲರು ಏದುಸಿರು ಬಿಡುತ್ತಾ ಬಂದರು. ಹಿಡಿದದ್ದು ಒಬ್ಬನನ್ನೇ ಎಂದು ಕೇಳಿ ಯಾಕೋ ನಿರಾಳವಾದರು. "ಒಳ್ಳೇ ಕೆಲ್ಸ ಮಾಡಿದ್ರಿ ಮೇಡಂ. ಈ ಪೇಪರಲ್ಲಿ ನಮ್ಮ ಕಾಲೇಜಿಗೆ ಎಂಥ ರಿಸಲ್ಟು ಅಂತೀರಿ! ಹೋದ್ವರ್ಷ ಒಬ್ಬನೇ ಒಬ್ಬ ಫೇಲು."

"ನಾನೇ ಸಾರ್ ಅದು," ಎಂದ ಬಕ್ಕತಲೆಯವನು.

"ನೋಡಿದ್ರಾ?" ಮೇಲ್ವಿಚಾರಕಿ ಹುಬ್ಬೇರಿಸಿದರು. "ಅದನ್ನೂ ತಿಳ್ಕೊಂಡು ಬಂದಿದ್ದಾರೆ. ಎಂಥ ತಯಾರಿ! ಸಾರ್, ಪಾಠ ಮಾಡಿದ ಮೇಷ್ಟ್ರನ್ನ ಕರೆಸಿ. ಅವರದೊಂದು ಮಾತು ಸಿಕ್ರೆ ನನ್ನ ವರದಿ ಗಟ್ಟಿಯಾಗತ್ತೆ."

ಪ್ರಿನ್ಸಿಪಾಲರ ಮುಖ ಹುಳ್ಳಗಾಯಿತು. "ಅಯ್ಯೋ, ಪಾಪ ಅವರ್ಯಾಕೆ? ವಿಷಯದ ಮೇಷ್ಟ್ರು ಕೊಠಡಿಯೊಳಗೆ ಬರೋ ಹಾಗಿಲ್ಲ. ನಿಯಮ."

"ಬಾಗಿಲಲ್ಲೇ ನಿಂತು ನೋಡ್ಲಿ."

ಪ್ಯೂನ್ ಓಡಿದ. ಇತ್ತ ಕೊಠಡಿಯಲ್ಲಿ ಅಷ್ಟೂ ಪೆನ್ನುಗಳು ಒಟ್ಟಿಗೇ ನಿಂತವು. ಮೊದಲ ಬೆಂಚಿನವನು ಎದ್ದ. "ನನ್ನದು ಮುಗೀತು ಮೇಡಂ, ಹೊರಡ್ಲಾ?" ಅವನ ಹಿಂದೆ ಇನ್ನಿಬ್ಬರು ಎದ್ದರು. ಆಮೇಲೆ ಇಡೀ ಸಾಲು.

"ಯಾರೂ ಏಳ್ಬೇಡಿ!" ಮೇಲ್ವಿಚಾರಕಿ ಬಾಗಿಲಿಗೆ ಅಡ್ಡ ನಿಂತರು. "ನೀವೆಲ್ಲ ಸಾಕ್ಷಿಗಳು." ಅವರ ಜನ್ಮದಲ್ಲಿ ಇಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಗಣಿತದ ಮೇಷ್ಟ್ರು ಬಂದು ಹೊಸ್ತಿಲ ಆಚೆಯೇ ನಿಂತರು. ಮೇಲ್ವಿಚಾರಕಿ ಬಕ್ಕತಲೆಯವನತ್ತ ಬೆರಳು ತೋರಿಸಿದರು.

"ಇವ್ರಾ? ಇವ್ರು ನಮ್ಮವರೇ ಮೇಡಂ. ಸಂಜೆ ಕೆಲ್ಸ ಮುಗ್ಸಿ ಬಂದು ಮುಂದಿನ ಬೆಂಚಲ್ಲೇ ಕೂರ್ತಾರೆ. ತಲೆಗೆ ಹತ್ತಲ್ಲ, ಆದ್ರೆ ಒಂದಿನಾನೂ ತಪ್ಪಿಸಲ್ಲ."

ಬಕ್ಕತಲೆಯವನು ಮುಖ ಮುಚ್ಚಿಕೊಂಡು ಅತ್ತೇಬಿಟ್ಟ. ಪ್ರಿನ್ಸಿಪಾಲರು ಕಿಟಕಿಯಾಚೆಯ ಗೋಡೆಯನ್ನು ನೋಡತೊಡಗಿದರು. ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡು ಮೊದಲ ಬೆಂಚಿನಿಂದ ಒಂದೊಂದೇ ಮುಖ ನೋಡುತ್ತಾ ಬಂದರು.

"ಅದ್ಸರಿ ಮೇಡಂ, ಮಿಕ್ಕವರೆಲ್ಲ ಯಾರು?"